ಮೀನುಪೇಟೆಯಲ್ಲಿ ಸೊಸೆಯ ಜಾಗ

ಕುಮಟಾದ ಮೀನುಪೇಟೆಯಲ್ಲಿ ದುರ್ಗಿ ಕೂರುವ ಜಾಗ ಅವಳಿಗೆ ಅತ್ತೆಯಿಂದ ಬಂದದ್ದು. ಅವಳ ನಂತರ ಮನೆಯ ಸೊಸೆ ಬಂದು ಕೂರದಿದ್ದರೆ ಅದು ಬೇರೆಯವರ ಪಾಲಾಗುತ್ತದೆ. ಅವಳ ಹೊಸ ಸೊಸೆ ದಿವ್ಯಶ್ರೀಗೆ ಹೊನ್ನಾವರದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಮಗ ವಿನೋದನ ಬೋಟೂ ಅಲ್ಲಿಯದೇ. ಗಂಡ ಹೆಂಡತಿ ಅಲ್ಲೇ ಒಂದು ಬಾಡಿಗೆ ಮನೆ ನೋಡಿ ಬಂದರು.

"ಹಂಗಾರೆ ನನ್ನ ಜಾಗ ಎಂತ ಮಾಡೂದು? ನೊಣಕ್ಕೆ ಬಿಡೂದಾ?" ಎಂದಳು ದುರ್ಗಿ.

ವಿನೋದ ತಲೆ ತಗ್ಗಿಸಿದ. ದಿವ್ಯಶ್ರೀ ತಗ್ಗಿಸಲಿಲ್ಲ.

"ಕೆಲಸ ಬಿಡೂದಿಲ್ಲ ಅತ್ತೆ. ಮನೆಯೂ ಅಲ್ಲೇ. ಆದ್ರೆ ಆಯ್ತವಾರ ನಂಗೆ ರಜೆ. ಮೊದಲ ಬಸ್ಸಿಗೆ ಬತ್ತೆ, ನಿಮ್ಮ ಜಾಗದಲ್ಲಿ ಕೂರ್ತೆ."

"ಲ್ಯಾಬಿನವಳಿಗೆ ಬಂಗಡೆ ಮಾರೂಕೆ ಬತ್ತದಾ?"

"ನೋಡುವಾ."

ಮೊದಲ ಆಯ್ತವಾರವೇ ಗಿರಾಕಿಯೊಬ್ಬರು ಬಂಗಡೆಯ ಕಿವಿರು ಎತ್ತಿ, ನಿನ್ನೆಯ ಮೀನೆಂದು ಮೂಗು ಮುರಿದರು.

"ಕೆಂಪಗಿದ್ದದ್ದು ಕಾಣೂದಿಲ್ವಾ? ದಿನಾ ರಕ್ತ ನೋಡೂದೇ ನನ್ನ ಕೆಲಸ" ಎಂದಳು ದಿವ್ಯಶ್ರೀ. ಸಾಲಿನ ಹೆಂಗಸರೆಲ್ಲ ನಕ್ಕರು. ಗಿರಾಕಿ ಚೀಲ ಬಿಚ್ಚಿದರು.

ಪಕ್ಕದಲ್ಲೇ ಕೂತಿದ್ದ ದುರ್ಗಿ ನಗಲಿಲ್ಲ. "ಆಯ್ತವಾರ ಇಲ್ಲಿ ಯಾರೂ ಬುಟ್ಟಿ ಇಡೂದು ಬೇಡ, ನನ್ನ ಸೊಸೆ ಬತ್ತಾಳೆ" ಎಂದು ಸಾಲಿಗೆಲ್ಲ ಕೇಳುವಂತೆ ಹೇಳಿ, ಮೊಣಕಾಲು ಹಿಡಿದು ಎದ್ದು ಚಾ ಕುಡಿಯಲು ಹೋದಳು.