ಸೋತವನು ಫೋನು ಮಾಡಿದ ದಿನ

ಮಕ್ಕಳೇ, ಶಿವು, ಸುಮಾ, ನಾನು ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನಲ್ಲಿ ಹಾವೇರಿ ಬಸ್ಸಿಗೆ ಕಾಯುತ್ತ ಇದನ್ನು ಬರೆಯುತ್ತಿದ್ದೇನೆ. ಬಿಸಿಲಿನಲ್ಲಿ ಚಹಾದ ಹಬೆಯೂ ಧೂಳೂ ಒಂದಾಗಿ ತೇಲುತ್ತಿವೆ. ಎಲ್ಲವೂ ಅರೆನಿದ್ದೆಯಲ್ಲಿ ಕಂಡಂತೆ ಇದೆ.

ಚಹಾದಂಗಡಿಯ ರೇಡಿಯೋ ಅಮೆರಿಕದ ಅಧ್ಯಕ್ಷರ ಚುನಾವಣೆಯ ಸುದ್ದಿ ಹೇಳಿತು. ಸೋತವರು ತಾವೇ ಫೋನು ಮಾಡಿ ಗೆದ್ದವರನ್ನು ಅಭಿನಂದಿಸಿದರಂತೆ.

"ನಮ್ಮೂರಾಗ ಸೋತಾಂವ ಗೆದ್ದಾಂವನ ಓಣ್ಯಾಗ ಸೈತ ಹಾಯೂದಿಲ್ಲ!" ಎಂದು ಅಂಗಡಿಯವನು ನಕ್ಕ.

"ಫೋನರ ಎಲ್ಲೈತಿ ಮಾಡಾಕ?" ಎಂದ ಚಹಾ ಕುಡಿಯುತ್ತಿದ್ದವನು.

ನನ್ನ ಪಕ್ಕದ ಹೆಂಗಸು ನಗಲಿಲ್ಲ. ಅವಳ ತೊಡೆಯ ಮೇಲೆ ಹಸಿರು ಖಣ ಮುಚ್ಚಿದ ಬುತ್ತಿಯ ಬುಟ್ಟಿ ಇತ್ತು. ಮೇಡ್ಲೇರಿಯಲ್ಲಿ ಅವಳ ಅಕ್ಕನ ಮಗಳ ಕುಬಸ, ಬಸುರಿಗೆ ಬಯಕೆಯ ಊಟ ಒಯ್ಯುವ ದಿನ. ಆದರೆ ಸೊಸೈಟಿ ಚುನಾವಣೆಯಲ್ಲಿ ಇವಳ ಗಂಡ ಅಕ್ಕನ ಗಂಡನೆದುರು ಸೋತ ಮೇಲೆ ಎರಡು ಮನೆಗಳಿಗೂ ಮಾತಿಲ್ಲವಂತೆ. ಅಳುಕಿ ಅವಳು ಆಗಲೇ ಒಂದು ಬಸ್ಸು ಬಿಟ್ಟಿದ್ದಳು.

"ಯಮ್ಮಾ, ಸೋತಾಂವನ ಮೊದಲ ಮಾತಾಡಿದನಂತ, ಖರೇ ಏನ್ರಿ?"

"ಹೌದವ್ವಾ, ರೇಡಿಯೋದಾಗ ಹಂಗ ಅಂದ್ರು."

"ನಾ ಹೋದರ ನಮ್ಮನಿಯವರ ಮಾನ ಹೋಗೂದಿಲ್ಲೇನ್ರಿ?"

ಪರಿಚಯವಿಲ್ಲದವರೆದುರು ನನಗೆ ಮಾತು ಬರುವುದಿಲ್ಲ. ಇಂದು ಹೇಗೋ ಬಂತು. "ಅಷ್ಟ ದೊಡ್ಡಾಂವನ ಮಾನ ಹೋಗಿಲ್ಲ. ಏಳವ್ವಾ, ಬಸುರಿ ಹಾದಿ ಕಾಯಾಕತ್ತಾಳ."

ಮೇಡ್ಲೇರಿ ಬಸ್ಸು ಬಂದಾಗ ಅವಳು ಹತ್ತಿದಳು. ಬುಟ್ಟಿಯನ್ನು ನಾನೇ ಎತ್ತಿಕೊಟ್ಟೆ. ಹೋಳಿಗೆಯ ತುಪ್ಪದ ವಾಸನೆ ಕೈಗೆ ಇನ್ನೂ ಅಂಟಿದೆ.

ನಿಮಗಾಗಿ ಬರೆದ ಈ ಹಾಳೆಗಳನ್ನು ಒಬ್ಬರೇ ಇಟ್ಟುಕೊಳ್ಳಬೇಡಿರಿ, ಮಕ್ಕಳೇ. ಆ ಎರಡು ಮನೆಗಳಂತೆ ಮಾತು ಬಿಡದೆ, ಇಬ್ಬರೂ ಕೂಡಿ ಜೋಪಾನ ಮಾಡಿರಿ.