ಅಷ್ಟು ಹೆಸರುಗಳಲ್ಲಿ ನಾನೊಬ್ಬಳೇ

ಮಹಾದೇವಿ, ನಿನ್ನನ್ನು ಹಿಡಿದುಕೊಟ್ಟವಳು ನಿನ್ನ ಚಿಗವ್ವ ಅಲ್ಲ. ನಾನು.

ಸುರಪುರದ ಬಸ್ ನಿಲ್ದಾಣದ ಎದುರು ಕಂಪ್ಯೂಟರ್ ಅಂಗಡಿ ಇಟ್ಟುಕೊಂಡು ಊರವರಿಗೆಲ್ಲ ಅರ್ಜಿ ಬರೆದುಕೊಟ್ಟವಳು ನಾನು. ಬರೆಯಲು ಬರುವುದಿಲ್ಲ ಎನ್ನುವ ಹಾಗಿಲ್ಲ. ಆದರೂ ಈ ಒಂದು ಮಾತು ಇಷ್ಟು ವರ್ಷ ಒಳಗೇ ಉಳಿಯಿತು. ಉಳಿಯಿತು ಅನ್ನುವುದೂ ಸುಳ್ಳು — ಉಳಿಸಿಕೊಂಡೆ.

ನೀನು ಬಂದ ಆ ಮಧ್ಯಾಹ್ನ ನಿನಗೆ ಎಷ್ಟು ನೆನಪಿದೆಯೋ. ಶಾಲೆಯಲ್ಲಿ ನನಗಿಂತ ಚಿಕ್ಕವಳು, ನನ್ನ ಹಿಂದೆ ಹಿಂದೆ ಅಕ್ಕಾ ಅಕ್ಕಾ ಎಂದು ಬರುತ್ತಿದ್ದವಳು. ಹುಣಸಗಿಗೆ ಮದುವೆಯಾಗಿ ಹೋದ ಮೇಲೆ ನಿನ್ನನ್ನು ನಾನು ನೋಡಿಯೇ ಇರಲಿಲ್ಲ. ಅಂದು ಬಸ್ಸಿನಿಂದ ಇಳಿದವಳೇ ನೇರ ಅಂಗಡಿಗೆ ಬಂದು ಮಾರ್ಕ್ಸ್ ಕಾರ್ಡುಗಳ ಜೆರಾಕ್ಸ್ ಕೇಳಿದೆ. ಬಯೋಡಾಟಾ ಟೈಪ್ ಮಾಡಿಕೊಡು ಎಂದೆ. ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಬರುತ್ತದೆ ಅಂತ ಬರಿ ಎಂದೆ. ಬಗ್ಗಿ ಕಾಗದ ಜೋಡಿಸಿಕೊಳ್ಳುವಾಗ ನಿನ್ನ ಸೆರಗು ಜಾರಿತು. ಬಲಗೈ ಮೊಣಕೈಯ ಕೆಳಗೆ ಉದ್ದಕ್ಕೆ ಸುಟ್ಟ ಗಾಯ — ಇನ್ನೂ ಪೂರ್ತಿ ಮಾಯದ್ದು. ನೀನು ತಟ್ಟನೆ ಸೆರಗು ಎಳೆದುಕೊಂಡೆ. ನಾನು ಕಂಪ್ಯೂಟರ್ ಕಡೆ ನೋಡುತ್ತಿದ್ದೇನೆ ಎಂದು ತಿಳಿದುಕೊಂಡೆ ನೀನು.

ನಾನು ನೋಡಿದ್ದೆ, ಮಹಾದೇವಿ.

"ನಾ ಹೊಂಟೀನಿ ಗೌರಕ್ಕ. ಯಾರ್ ಕೇಳಿದ್ರೂ ಇಲ್ಲಿ ಬಂದಿದ್ದಿಲ್ಲ ಅನ್ನು," ಎಂದೆ.

"ಅಂತೀನಿ. ನೀ ಹೋಗು ಮದ್ಲ," ಎಂದೆ ನಾನು.

ಎಲ್ಲಿಗೆ ಎಂದು ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದು ಭೀಮರಾಯನಗುಡಿಯ ನಿನ್ನ ಚಿಗವ್ವ ಗಂಗಮ್ಮನಿಗೆ ಮಾತ್ರ ಗೊತ್ತಿತ್ತು. ತಾಯಿ ಹೋದ ಮೇಲೆ ನಿನ್ನನ್ನು ಸಾಕಿದ ಚಿಕ್ಕಮ್ಮ, ಕಾಲುವೆ ಕೆಲಸದವರ ಕ್ಯಾಂಪಿನ ಮೆಸ್ಸಿನಲ್ಲಿ ರೊಟ್ಟಿ ಬಡಿಯುತ್ತಿದ್ದವಳು. ಸೊಲ್ಲಾಪುರದಲ್ಲಿ ತನಗೆ ಗುರುತಿದ್ದ ಒಬ್ಬ ಹೆಂಗಸಿನ ಮನೆಗೆ ನಿನ್ನನ್ನು ಕಳಿಸಿದವಳು ಅವಳೇ.

ಆ ದಿನಗಳಲ್ಲಿ ನನಗೊಂದು ಹುಚ್ಚು ಹಿಡಿದಿತ್ತು. ಇಂಟರ್ನೆಟ್ಟಿನಲ್ಲಿ ಬುಕ್‌ಮಾರ್ಕ್ ತಾಣಗಳು ಅಂತ ಇದ್ದವು. ಮೆಚ್ಚಿದ ವೆಬ್ ಪುಟದ ವಿಳಾಸವನ್ನು ಅಲ್ಲಿ ಗುರುತಿಟ್ಟುಕೊಳ್ಳುವುದು, ಅದರ ಕೆಳಗೆ ಎರಡು ಸಾಲು ಬರೆಯುವುದು, ಹುಡುಕುವವರಿಗೆ ಸಿಗುವಂಥ ಪದಗಳನ್ನು ಅಂಟಿಸುವುದು. ನಾವು ಇಟ್ಟದ್ದು ಎಲ್ಲರಿಗೂ ಕಾಣುತ್ತಿತ್ತು. ಒಂದೇ ಪುಟವನ್ನು ಹತ್ತಾರು ಕಡೆ ಹತ್ತಾರು ಜನ ಹಾಗೆ ಗುರುತಿಟ್ಟರೆ, ಹುಡುಕಿದವರಿಗೆ ಆ ಪುಟವೇ ಮೊದಲು ಬರುತ್ತಿತ್ತು. ಅಷ್ಟು ಜನ ಎಲ್ಲಿಂದ ಬರಬೇಕು? ನಾನೇ ಆಗುತ್ತಿದ್ದೆ. ಒಂದು ಕಡೆ ರಾಯಚೂರಿನ ಸುಮಾ, ಇನ್ನೊಂದು ಕಡೆ ಕಲಬುರಗಿಯ ಪ್ರಕಾಶ, ಮತ್ತೊಂದು ಕಡೆ ಒಬ್ಬ ನಿವೃತ್ತ ಮಾಸ್ತರ. ಶಹಾಪುರದ ಒಂದು ಸೀರೆ ಅಂಗಡಿಯ ಪುಟವನ್ನು ಹಾಗೇ ಮೇಲೆ ತಂದಿದ್ದೆ. ಕೂತಲ್ಲೇ ಕೂತು ಊರೂರಿನ ಜನವಾಗುವುದು — ಅದರ ರುಚಿ ಹತ್ತಿತ್ತು ನನಗೆ.

ಆ ಸೀರೆ ಅಂಗಡಿಯವನೇ ನಿನ್ನ ಗಂಡನಿಗೆ ನನ್ನ ದಾರಿ ತೋರಿಸಿದ್ದು.

ನೀನು ಹೋದ ಕೆಲ ದಿನಕ್ಕೆ ಅವನು ಬಂದ. ಕೂಗಾಡುವ ಮನುಷ್ಯ ಬರುತ್ತಾನೆ ಎಂದುಕೊಂಡಿದ್ದೆ. ಹಾಗೇನೂ ಇರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಮದುವೆಯ ಫೋಟೋ ಟೇಬಲ್ಲಿನ ಮೇಲಿಟ್ಟು, "ಮೇಡಮ್, ನಿಮ್ಮ ಕೈಲೇ ಆಗ್ತದ ಅಂದ್ರರಿ. ಅಕಿ ಎಲ್ಲಿದ್ರೂ ಸಿಗಬೇಕ್ರಿ," ಎಂದ. ನನ್ನನ್ನು ಯಾರೂ ಮೇಡಮ್ ಎಂದು ಕರೆದಿರಲಿಲ್ಲ. ಇಷ್ಟಕ್ಕೇ ಮನಸ್ಸು ಮೆತ್ತಗಾಯಿತೇ? ಇಷ್ಟಕ್ಕೇ ಎಂದರೆ ನನಗೇ ಅಸಹ್ಯ. ಆದರೆ ಇನ್ನೂ ಒಂದಿತ್ತು. ನೀನು ಹೋಗಿಬಿಟ್ಟಿದ್ದೆ. ಊರು ಬಿಟ್ಟು ಹೋಗಬೇಕು ಹೋಗಬೇಕು ಎಂದುಕೊಂಡು ಅದೇ ಕುರ್ಚಿಯಲ್ಲಿ ಕೂತಿದ್ದವಳು ನಾನು. ನೀನು ಸಿಕ್ಕಿಬೀಳಬೇಕು ಎಂದು ಬಯಸಿದೆ ಅಂತಲ್ಲ. ಹಾಗಂತ ಬಯಸಲಿಲ್ಲ ಎಂದು ಆಣೆ ಮಾಡಲೂ ಆಗುವುದಿಲ್ಲ.

ಕಾಣೆಯಾಗಿದ್ದಾಳೆ ಎಂದು ಒಂದು ಪುಟ ಮಾಡಿದೆ. ನಿನ್ನ ಹೆಸರು, ಊರು, ಫೋಟೋ, ಅವನ ಫೋನ್ ನಂಬರು.

"ತಲಿ ಸರಿ ಇಲ್ಲ ಅಂತ ಹಾಕ್ರಿ," ಎಂದ. "ಇಲ್ಲಂದ್ರ ಜನ ಹಿಡಿದು ಕೂಡ್ಸಂಗಿಲ್ಲ."

ಬುದ್ಧಿ ಸ್ಥಿಮಿತದಲ್ಲಿಲ್ಲದ ಮಹಿಳೆ — ಎಂದು ಟೈಪ್ ಮಾಡಿದೆ. ನನ್ನ ಮುಂದೆ ನಿಂತು ಒಂದೊಂದು ಕಾಗದವನ್ನೂ ಸರಿಯಾಗಿ ಜೋಡಿಸಿ ಚೀಲಕ್ಕೆ ಹಾಕಿಕೊಂಡಿದ್ದ ನಿನ್ನನ್ನು.

ಆಮೇಲೆ ಗುರುತಿನ ಚಿಹ್ನೆ. ಮೈಮೇಲೆ ಏನಾದರೂ ಗುರುತು ಇದೆಯೇ ಎಂದು ಕೇಳಿದೆ. ಅವನು ನೆಲ ನೋಡಿದ. "ಹಂಗೇನಿಲ್ರಿ," ಎಂದ. ನಾನು ಸುಮ್ಮನೆ ಇರಬಹುದಿತ್ತು. ನನ್ನ ಬೆರಳು ಸುಮ್ಮನಿರಲಿಲ್ಲ. ಬಲಗೈ ಮೊಣಕೈಯ ಕೆಳಗೆ ಸುಟ್ಟ ಗಾಯ, ಎಂದು ಬರೆದೆ. ಪುಟ ಚೆನ್ನಾಗಿ ಬರಬೇಕು, ನೋಡಿದವರಿಗೆ ಗುರುತು ಹತ್ತಬೇಕು — ಅಷ್ಟೇ ಇತ್ತು ಆ ಹೊತ್ತಿನಲ್ಲಿ ತಲೆಯಲ್ಲಿ. ಅವನು ಪರದೆಯ ಮೇಲಿನ ಅಕ್ಷರ ಓದಿದ. ನನ್ನ ಮುಖ ನೋಡಿದ. ಅದು ನನಗೆ ಹೇಗೆ ಗೊತ್ತಾಯಿತು ಎಂದು ಅವನು ಕೇಳಲಿಲ್ಲ. ಅದು ಹೇಗೆ ಆಯಿತು ಎಂದು ನಾನು ಕೇಳಲಿಲ್ಲ. "ಇರ್ಲಿ ಬಿಡ್ರಿ," ಎಂದ. ಆ ಸಾಲು ಹಾಗೇ ಉಳಿಯಿತು.

ಆಮೇಲಿನದ್ದನ್ನು ನಾನು ಖುಷಿಯಿಂದ ಮಾಡಿದೆ. ಗೊತ್ತಿದ್ದ ಎಲ್ಲ ತಾಣಗಳಲ್ಲಿ, ಎಲ್ಲ ಹೆಸರುಗಳಲ್ಲಿ ಆ ಪುಟವನ್ನು ಗುರುತಿಟ್ಟೆ. ಫೋಟೋ ಸಮೇತ. ಸುಮಾ ಆಗಿ, 'ಪಾಪ, ಈ ತಂಗಿಯನ್ನು ಮನೆಗೆ ಸೇರಿಸಿ' ಎಂದು ಬರೆದೆ. ಪ್ರಕಾಶ ಆಗಿ, 'ನಮ್ಮ ಕಡೆಯ ಹೆಣ್ಣುಮಗಳು, ದಯವಿಟ್ಟು ಹಂಚಿ' ಎಂದೆ. ಹುಡುಕುವ ಪದಗಳನ್ನು ಅಂಟಿಸುವಾಗ ನಿನ್ನ ಬಯೋಡಾಟಾ ನೆನಪಾಯಿತು. ಆಸ್ಪತ್ರೆ, ನರ್ಸಿಂಗ್ ಹೋಂ, ಆಯಾ ಕೆಲಸ — ಅವನ್ನೂ ಹಾಕಿದೆ. ನೀನು ನನ್ನೊಬ್ಬಳಿಗೇ ಹೇಳಿದ್ದನ್ನು.

ಸೊಲ್ಲಾಪುರದ ಯಾವುದೋ ನರ್ಸಿಂಗ್ ಹೋಮಿನಲ್ಲಿ ನಿನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಅಲ್ಲಿನ ಗುಮಾಸ್ತ ನಿನ್ನ ಹೆಸರು ಹಾಕಿ ಹುಡುಕಿದನಂತೆ. ಮೊದಲು ಬಂದದ್ದು ನನ್ನ ಪುಟ. ಅದರ ಕೆಳಗೆ ಸುಮಾ, ಅದರ ಕೆಳಗೆ ಪ್ರಕಾಶ. ಇಷ್ಟು ಜನ ಹೇಳುತ್ತಿದ್ದಾರೆಂದರೆ ನಿಜವಿರಬೇಕು ಎಂದುಕೊಂಡು ಫೋನ್ ಮಾಡಿದ. ನಿನ್ನ ಗಂಡ ಮತ್ತು ಅವನ ಅಣ್ಣ ಜೀಪು ತೆಗೆದುಕೊಂಡು ಹೋದರು.

ಇದೆಲ್ಲ ನನಗೆ ತಿಳಿದದ್ದು ಅವನು ಪೇಢೆಯ ಡಬ್ಬಿ ತಂದಾಗ. "ಸಿಕ್ಕಳ್ರಿ ಮೇಡಮ್! ನೀವು ಭಾಳ ದೊಡ್ಡ ಕೆಲಸ ಮಾಡಿದ್ರಿ." ನಾನು ಪೇಢೆ ತಿಂದೆ, ಮಹಾದೇವಿ. ಒಂದು ತಿಂದು ಇನ್ನೊಂದು ತೆಗೆದುಕೊಂಡೆ.

ನಿನ್ನನ್ನು ತಂದ ಮೇಲೆ ಆ ಮನೆಯಲ್ಲಿ ಏನಾಯಿತು ಎಂದು ನಾನು ವಿಚಾರಿಸಲಿಲ್ಲ. ವಿಚಾರಿಸದೇ ಇರುವುದು ಸುಲಭವಿತ್ತು. ಆದರೆ ಗಂಗಮ್ಮ ಚಿಗವ್ವ ಹುಡುಕಿಕೊಂಡು ಅಂಗಡಿಗೇ ಬಂದಳು. ನಿನ್ನ ಮನೆಯ ಹೊಸ್ತಿಲಿಂದ ನೇರ ಬಂದಿದ್ದಳು. ನೀನು ಅವಳ ಮುಖ ನೋಡದೆ ಬಾಗಿಲು ಹಾಕಿಕೊಂಡಿದ್ದೆ.

"ಗೌರವ್ವ, ನೀ ಕಲಿತಾಕಿ. ನಾನ ಹೇಳಿನಿ ಅಂತಾಳ ಅಕಿ. ನನ್ನ ಬಿಟ್ರ ಯಾರಿಗೂ ಗೊತ್ತಿದ್ದಿಲ್ಲಂತ. ನಾ ಯಾಕ ಹೇಳಲಿ ಯವ್ವಾ? ಕಂಪ್ಯೂಟರಿನ್ಯಾಗ ಸಿಕ್ಕಾಳ ಅಂತಾರ ಮಂದಿ. ಜರಾ ನೋಡು — ಅದನ್ನ ಯಾರ್ ಹಾಕ್ಯಾರ?"

ಅವಳಿಗೆ ಓದಲು ಬರುವುದಿಲ್ಲ. ನಾನು ಪರದೆಯನ್ನು ಅವಳ ಕಡೆ ತಿರುಗಿಸಿ, ನಿನ್ನ ಪುಟವನ್ನೇ ತೆರೆದು, ಫೋಟೋ ಕಾಣದಂತೆ ಕೆಳಗೆ ಸರಿಸಿ, ಆ ಸಾಲುಗಳ ಮೇಲೆ ಬೆರಳು ಆಡಿಸುತ್ತ ಹೇಳಿದೆ — "ಯಾರದೂ ಹೆಸರು ಕಾಣವಲ್ದು ಚಿಗವ್ವ."

ಅವಳು ಹೂಂ ಎಂದು ಎದ್ದಳು. ಬಾಗಿಲವರೆಗೆ ಹೋಗಿ ತಿರುಗಿ, "ನೀ ಒಂದ್ಸಲ ಅಕಿಗೆ ಹೇಳಿ ನೋಡು. ನಿನ್ನ ಮಾತ ಕೇಳ್ತಾಳ," ಎಂದಳು. ಆಗಲಿ ಎಂದೆ. ಹೇಳಲಿಲ್ಲ.

ವರ್ಷಗಳು ಹೋದವು. ಅಷ್ಟು ಹುಡುಕಿಸಿ ತಂದವನು ಇನ್ನೊಬ್ಬಳನ್ನು ಮನೆಗೆ ತಂದು ನಿನ್ನನ್ನು ಹೊರಗೆ ಹಾಕಿದ. ನೀನು ಯಾದಗಿರಿಯ ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿದ್ದೀ ಎಂದು ಯಾರೋ ಹೇಳಿದರು. ಸಮಾಧಾನವಾಯಿತು. ಇನ್ನು ಏನೂ ಹೇಳಬೇಕಿಲ್ಲ ಎನ್ನುವ ಸಮಾಧಾನ.

ಹೋದ ತಿಂಗಳು ನೀನೇ ಬಂದೆ. ಕೂದಲು ನನಗಿಂತ ಮೊದಲು ಬೆಳ್ಳಗಾಗಿದೆ ನಿನಗೆ. ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಗುವುದಿತ್ತು, ಅವರು ಮೊಬೈಲಿನಲ್ಲಿ ಹೆಸರು ಹಾಕಿ ನೋಡಿದರು, ತಲೆ ಸರಿ ಇಲ್ಲದವಳೆಂದು ಬಂತು, ಬೇಡ ಅಂದರು — ಎಂದು ಹೇಳಿ ಫೋನನ್ನು ನನ್ನ ಮುಂದೆ ಹಿಡಿದೆ. "ಇದನ್ನ ತೆಗಿ ಗೌರಕ್ಕ. ನಿನಗ ಬರ್ತದ. ಇದು ಎಲ್ಲಾ ಚಿಗವ್ವ ಹೇಳಿ ಹಾಕ್ಸ್ಯಾಳ ನೋಡು. ಈ ಕೈ ಸುಟ್ಟದ್ದು ಅಕಿಗೊಬ್ಬಾಕಿಗೇ ಗೊತ್ತಿತ್ತು. ಅವ ಅಂತೂ ಬಾಯಿ ಬಿಡಂಗಿದ್ದಿಲ್ಲ."

ಅಂದರೆ ಅವಳ ಮೇಲಿನ ನಿನ್ನ ಅನುಮಾನ ಗಟ್ಟಿಯಾದದ್ದು ಆ ಒಂದು ಸಾಲಿನಿಂದ. ನಾನು ಸೇರಿಸಿದ ಸಾಲಿನಿಂದ.

ಮೂಲ ಪುಟವನ್ನು ನಿನ್ನೆದುರೇ ಅಳಿಸಿದೆ. ಅದು ನನ್ನ ಕೈಯಲ್ಲಿತ್ತು. ಅದು ಹೇಗೆ ನನ್ನ ಕೈಯಲ್ಲಿತ್ತು ಎಂದು ನಿನಗೆ ಹೊಳೆಯಲೂ ಇಲ್ಲ. ಆದರೆ ಸುಮಾ, ಪ್ರಕಾಶ, ಮಾಸ್ತರ ಇಟ್ಟ ಗುರುತುಗಳು — ಆ ಖಾತೆಗಳ ಪಾಸ್‌ವರ್ಡ್ ನನಗೆ ನೆನಪಿಲ್ಲ. ಕೆಲವು ತಾಣ ಮುಚ್ಚಿಹೋಗಿವೆ. ಮುಚ್ಚುವ ಮೊದಲೇ ಬೇರೆಯವರು ಅಲ್ಲಿದ್ದದ್ದನ್ನು ತಮ್ಮ ತಾಣಕ್ಕೆ ಎತ್ತಿಕೊಂಡಿದ್ದಾರೆ. ಪುಟ ಹೋದರೂ ಆ ಎರಡೆರಡು ಸಾಲು, ನಿನ್ನ ಮುಖ, ಅಲ್ಲಲ್ಲಿ ಉಳಿದಿವೆ. ಬರೆದು ಕೇಳಿದ್ದೇನೆ. ಒಬ್ಬರು ತೆಗೆದರು. ಉಳಿದವರಿಂದ ಉತ್ತರವಿಲ್ಲ.

ಹೊರಡುವಾಗ ನೀನು ನನ್ನ ಎರಡೂ ಕೈ ಹಿಡಿದುಕೊಂಡು, "ನೀನೊಬ್ಬಾಕಿ ನನಗ ಮೋಸ ಮಾಡ್ಲಿಲ್ಲ ನೋಡಕ್ಕ," ಎಂದೆ. ಆಗಲೂ ನಾನು, ಬಸ್ಸಿಗೆ ಹೊತ್ತಾಯಿತು ಎಂದೆ.

ಮರುದಿನ ಭೀಮರಾಯನಗುಡಿಗೆ ಹೋದೆ. ಚಿಗವ್ವನಿಗೆ ಎಲ್ಲ ಹೇಳಿದೆ, ಪರದೆ ತಿರುಗಿಸಿದ್ದನ್ನೂ. ಅಳುತ್ತಾಳೆ, ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಮೊರದಲ್ಲಿದ್ದ ಜೋಳ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ.

"ಅಕಿಗೆ ಹೇಳಿದೇನು?"

"ಇಲ್ಲ ಚಿಗವ್ವ."

"ಮತ್ತ ನನಗ ಯಾಕ ಹೇಳಾಕ ಬಂದಿ? ನಾ ಹೇಳಿಲ್ಲ ಅಂತ ನನಗ ಗೊತ್ತಿಲ್ಲೇನು?"

ನಿನ್ನ ಹತ್ತಿರ ನಾವಿಬ್ಬರೂ ಕೂಡಿ ಹೋಗೋಣ ಎಂದೆ. "ನಾ ಬರಂಗಿಲ್ಲ. ಅಕಿ ಬಾಗಲಿಗೆ ಹೋಗಿ ಹೋಗಿ ಸಾಕಾಗ್ಯಾದ. ಅಕಿನ ಬರ್ಲಿ," ಎಂದಳು. ನನಗೆ ಕೂತುಕೋ ಅನ್ನಲಿಲ್ಲ, ನೀರು ಕೊಡಲಿಲ್ಲ. ಕೊಟ್ಟಿದ್ದರೆ ಕುಡಿಯುವುದು ಇನ್ನೂ ಕಷ್ಟವಾಗುತ್ತಿತ್ತು.

ಅದಕ್ಕೇ ಇದನ್ನೆಲ್ಲ ಈಗ ನಿನಗೆ ಹೇಳುತ್ತಿದ್ದೇನೆ. ಆ ಪುಟ ಸುಳ್ಳು, ಬರೆದವಳು ನಾನು, ಮಹಾದೇವಿಯ ಬುದ್ಧಿಗೆ ಎಂದೂ ಏನೂ ಆಗಿರಲಿಲ್ಲ — ಎಂದು ನನ್ನ ಸ್ವಂತ ಹೆಸರಿನಲ್ಲಿ, ನನ್ನ ಫೋಟೋದೊಂದಿಗೆ ಒಂದು ಪುಟ ಬರೆದಿಟ್ಟಿದ್ದೇನೆ. ಇನ್ನೂ ಯಾರಿಗೂ ತೋರಿಸಿಲ್ಲ. ಒಮ್ಮೆ ನಿನ್ನನ್ನು ಕೇಳದೆ ನಿನ್ನ ಹೆಸರನ್ನು ಊರ ಮುಂದೆ ಇಟ್ಟೆ, ಇನ್ನೊಮ್ಮೆ ಇಡುವುದಿಲ್ಲ. ಹಾಕು ಎಂದರೆ ಹಾಕುತ್ತೇನೆ. ಆ ಆಸ್ಪತ್ರೆಗೆ ಬಂದು ಹೇಳು ಎಂದರೆ ಬರುತ್ತೇನೆ. ಮುಖ ತೋರಿಸಬೇಡ ಎಂದರೆ ತೋರಿಸುವುದಿಲ್ಲ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ.

ಚಿಗವ್ವ ಈಗ ಕ್ಯಾಂಪಿನ ಹಳೆಯ ಮನೆಯಲ್ಲಿಲ್ಲ. ಕಾಲುವೆ ದಾಟಿ ಎಡಕ್ಕೆ ಹೋದರೆ ತಗಡಿನ ಮನೆಗಳ ಸಾಲಿದೆ, ಅದರಲ್ಲಿ ಕೊನೆಯದು. ಮಧ್ಯಾಹ್ನ ಒಬ್ಬಳೇ ಇರುತ್ತಾಳೆ. ಬಾಗಿಲಲ್ಲಿ ನಿಂತು ಸ್ವಲ್ಪ ಜೋರಾಗಿ ಕರೆ, ಮಹಾದೇವಿ — ಈಗ ಅವಳಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ.