ಎರಡನೆಯ ಹಾಳೆಯ ಕುಂಕುಮ

ಅಮೆರಿಕದ ವಾಲ್ನಟ್ ಕ್ರೀಕ್‌ನಲ್ಲಿ ನಾವಿದ್ದ ಫ್ಲ್ಯಾಟು ನಮ್ಮದೇ, ಅದರಡಿಯ ನೆಲ ಮಾತ್ರ ನಮ್ಮದಲ್ಲ. ನೆಲ ಲೀಸಿನದು. ಲೀಸು ಮುಗಿಯಲು ಹನ್ನೊಂದೇ ವರ್ಷ ಉಳಿದಿತ್ತು. ಮುಗಿದರೆ ನೆಲದ ಜೊತೆ ಮನೆಯೂ ನೆಲದೊಡೆಯನ ಪಾಲು.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಆತ ತಾನಾಗಿಯೇ ಫೋನು ಮಾಡಿ, ಲೀಸನ್ನು ಇನ್ನೂ ಮೂವತ್ತು ವರ್ಷ ಮುಂದುವರಿಸಿ ಕೊಡುತ್ತೇನೆ ಅಂದ. ನನ್ನವರು ಹಿಗ್ಗಿದರು. ನನಗೆ ಅಳುಕು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರು ಪೆಪ್ಪರಮಿಂಟು ಹಂಚಿದ ದಿನವೇ ಹೇಳದೆ ಕೇಳದೆ ಪರೀಕ್ಷೆ ಇಡುತ್ತಿದ್ದರು.

ಕಾಗದ ಪೋಸ್ಟಿನಲ್ಲಿ ಬಂತು. ನನ್ನವರು ಓದಿ "ಎಲ್ಲಾ ಸರಿಯಾಗಿದೆ ಕಣೇ" ಅಂದರು. ನಾನೂ ಡಿಕ್ಷನರಿ ಹಿಡಿದು ಕೂತೆ. ನನ್ನ ಇಂಗ್ಲಿಷು ಪದ್ಯ ಬಾಯಿಪಾಠ ಮಾಡಲು ಸಾಕಿತ್ತು. ಇಲ್ಲಿ ವಾಕ್ಯದ ಬಾಲ ಸಿಗುವಷ್ಟರಲ್ಲಿ ತಲೆ ಮರೆತುಹೋಗುತ್ತಿತ್ತು.

ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಕಾಗದವನ್ನು ದೇವರ ಮುಂದಿಟ್ಟು ಹಾಳೆ ಹಾಳೆಗೂ ಕುಂಕುಮ ಹಚ್ಚಿದರು. ಎರಡನೆಯದರಲ್ಲಿ ಬೆರಳು ಜಾರಿ, ಕೊನೆಯ ಸಾಲಿನ ಪಕ್ಕ ಉದ್ದಕ್ಕೆ ಗೀಟು ಎಳೆದ ಹಾಗಾಯಿತು. ನಾಚಿಕೆಯಾಗಿ ನಾನು ರಬ್ಬರಿನಿಂದ ಉಜ್ಜಿದೆ. ಇನ್ನಷ್ಟು ಹರಡಿತು.

ಶುಕ್ರವಾರ ಹತ್ತೂವರೆಗೆ ಸರಿಯಾಗಿ ಆತ ಬಂದ. ಸೋಫಾದ ತುದಿಯಲ್ಲಷ್ಟೇ ಕೂತ. ಕಾಫಿ ಮುಟ್ಟಲಿಲ್ಲ. ಕೂರುವ ಮೊದಲೇ ಪೆನ್ನಿನ ಕ್ಯಾಪು ತೆಗೆದಾಗಿತ್ತು.

"ಈಗ ಸೈನು ಬೇಡ, ಹನ್ನೆರಡರ ತನಕ ರಾಹುಕಾಲ," ಅಂದರು ಅತ್ತೆ ಒಳಗಿನಿಂದ.

"ಅದು ಮೈಸೂರಿನ ರಾಹುಕಾಲ ಅಮ್ಮ."

"ಯಾಕೋ, ರಾಹುಗೆ ವೀಸಾ ಸಿಗಲಿಲ್ವೇನೋ?"

ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ನಾನು ಮೆತ್ತಗೆ, "ದಯವಿಟ್ಟು ಹನ್ನೆರಡಕ್ಕೆ ಬನ್ನಿ, ಕಾಗದದ ಬಗ್ಗೆ ಮನೆಯ ಹಿರಿಯರದು ಒಂದು ಮಾತಿದೆ" ಅಂದೆ.

ಆತ ಎದ್ದು ಹೋದ. ಹೋದದ್ದು ಕಾರಿನ ತನಕ ಅಷ್ಟೆ. ಒಂದೂವರೆ ಗಂಟೆ ಸ್ಟಿಯರಿಂಗಿನ ಹಿಂದೆ ಕೂತು ನಮ್ಮ ಬಾಗಿಲನ್ನೇ ನೋಡಿದ. ನಾನು ಪರದೆ ಸಂದಿನಿಂದ ಆತನನ್ನು ನೋಡಿದೆ. ಒಳ್ಳೆಯದು ಮಾಡಲು ಬಂದವರು ಹೀಗೆ ಕಾಯುತ್ತಾರೆಯೇ?

ಹನ್ನೆರಡಕ್ಕೆ ಒಳಗೆ ಬಂದವನು ಹಾಳೆ ತಿರುವಿದ. ಎರಡನೆಯದರಲ್ಲಿ ಕೈ ನಿಂತಿತು. ಕೆಂಪು ಗೀಟನ್ನು ನೋಡಿದ, ಮುಚ್ಚಿದ್ದ ಅಡಿಗೆಮನೆ ಬಾಗಿಲನ್ನು ನೋಡಿದ. ಒಳಗೆ ಅತ್ತೆ ಕೆಮ್ಮಿದರು.

"ನಿಮ್ಮ ಲಾಯರು ಬಹಳ ಎಚ್ಚರದವರು," ಅಂದ.

ನನ್ನವರು ಬಾಯಿ ತೆರೆಯುವಷ್ಟರಲ್ಲಿ ನಾನು ಅವರ ಕಾಲು ತುಳಿದೆ. ಆತ ಆ ಕೊನೆಯ ಸಾಲನ್ನು ನಮ್ಮ ಪ್ರತಿ, ತಾನು ತಂದಿದ್ದ ಪ್ರತಿ ಎರಡರಲ್ಲೂ ಅಡ್ಡಗೆರೆ ಎಳೆದು ಹೊಡೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದ. ಆಮೇಲೆ ಎಲ್ಲರೂ ರುಜು ಮಾಡಿದೆವು. ತಣ್ಣಗಾಗಿದ್ದ ಕಾಫಿಯನ್ನು ಆಗ ಕುಡಿದ.

ಆತನ ಕಾರು ತಿರುವು ದಾಟಿದ ಮೇಲೆ, ಹೊಡೆದ ಸಾಲನ್ನು ನಾವಿಬ್ಬರೂ ಒಂದೊಂದೇ ಪದ ಬಿಡಿಸಿ ಓದಿದೆವು. ಆತ ನೆಲ ಮಾರಿದರೆ, ಕೊಂಡವರು ಆರು ತಿಂಗಳ ನೋಟಿಸು ಕೊಟ್ಟು ಲೀಸು ಮುಗಿಸಬಹುದು ಎಂದಿತ್ತು. ಮೂವತ್ತು ವರ್ಷ ಅಂದದ್ದು ಬರೀ ಬಾಯಿಮಾತು; ಕೈಯಲ್ಲಿದ್ದ ಹನ್ನೊಂದೂ ಹೋಗುತ್ತಿತ್ತು.

"ನಾನು ಹೇಳಲಿಲ್ವಾ?" ಅಂದರು ಅತ್ತೆ. ಅವರು ಹೇಳಿದ್ದು ರಾಹುವಿನ ವಿಷಯ.

ಮೂವತ್ತು ವರ್ಷ ಉಳಿಯಿತು. ಆದರೂ ಎಷ್ಟೋ ಮಧ್ಯಾಹ್ನ ಆ ಕಾಗದ ತೆಗೆದು, ಕುಂಕುಮ ತಾಗದ ಸಾಲುಗಳನ್ನೇ ಮತ್ತೆ ಮತ್ತೆ ಓದುತ್ತಿದ್ದೆ.